ಕಷಾಯದ ಪುಡಿಗೆ ಮನೆಯ ಮಿಕ್ಸಿ ಸಾಕಾ, ಬೇರೆ ಗ್ರೈಂಡರ್ ಬೇಕಾ?

ಒಣಗಿದ ತುಳಸಿ, ಒಣಶುಂಠಿ, ಮೆಣಸು, ಜೇಷ್ಠಮಧು ಪುಡಿ ಮಾಡಲು ಮಿಕ್ಸಿ ಸಾಕಾ, ಇಲ್ಲ ಕಾಫಿ ಬೀಜದ ಬರ್ ಗ್ರೈಂಡರ್ (ಬ್ಲೇಡ್ ಬದಲು ಹಲ್ಲುಗಳ ನಡುವೆ ಅರೆಯುವ ಯಂತ್ರ) ತಗೊಳ್ಳಲಾ ಅಂತ ಕೇಳಿದ್ದೀರಿ. ಬರ್ ಗ್ರೈಂಡರ್ ಖಂಡಿತ ಬೇಡ. ಅದರ ಹಲ್ಲುಗಳ ನಡುವೆ ಕಾಳು ಚೆನ್ನಾಗಿ ಇಳಿಯುತ್ತದೆ, ಎಲೆ ಇಳಿಯುವುದಿಲ್ಲ. ಶುಂಠಿಯ ನಾರು ಸಿಕ್ಕಿಕೊಂಡರಂತೂ ಬಿಚ್ಚಿ ತೆಗೆಯಬೇಕು. ಆಮೇಲೆ ಅದರಲ್ಲಿ ಕಾಫಿ ಪುಡಿ ಮಾಡಿದರೆ ಕಾಫಿಗೂ ಮೆಣಸಿನ ಘಾಟು.

ಮೊದಲು ಒಂದು ವಿಷಯ. ಕಷಾಯಕ್ಕೆ ನಯವಾದ ಪುಡಿ ಬೇಕಾಗಿಲ್ಲ, ತರಿತರಿಯಾಗಿದ್ದರೆ ಸಾಕು. ತೀರಾ ನುಣ್ಣಗಾದರೆ ಸೋಸಿದರೂ ಜರಡಿ ದಾಟಿ ಲೋಟದ ತಳದಲ್ಲಿ ಗಸಿ ಕೂರುತ್ತದೆ. ಡಬ್ಬಿಯಲ್ಲಿಟ್ಟಾಗ ಪರಿಮಳವೂ ಬೇಗ ಹಾರಿಹೋಗುತ್ತದೆ. ಹಾಗಾಗಿ ಎಷ್ಟು ನುಣ್ಣಗೆ ಅರೆಯುತ್ತದೆ ಅಂತ ನೋಡಬೇಡಿ. ಬಿಸಿಯಾಗದೆ, ಸ್ವಲ್ಪವೇ ಹಾಕಿದರೂ ಸಮನಾಗಿ ಒಡೆಯುತ್ತದಾ ಅಂತ ನೋಡಿ.

ಮಿಕ್ಸಿಯ ಚಟ್ನಿ ಜಾರ್ ಇದಕ್ಕೆ ಆಗುತ್ತದೆ. ದೊಡ್ಡ ಜಾರ್‌ನಲ್ಲಿ ಒಂದು ಹಿಡಿ ತುಳಸಿ ಹಾಕಿದರೆ ಎಲೆ ಗೋಡೆಗೆ ಅಂಟಿಕೊಂಡು ಸುಮ್ನೆ ಸುತ್ತುತ್ತದೆ, ಬ್ಲೇಡಿಗೆ ಸಿಗುವುದೇ ಇಲ್ಲ. ಸಾಮಾನು ಬ್ಲೇಡ್ ಮುಚ್ಚುವಷ್ಟು ಇರಲಿ, ಜಾರ್ ಅರ್ಧಕ್ಕಿಂತ ಜಾಸ್ತಿ ಬೇಡ. ಗುಂಡಿಯನ್ನು ಬಲಕ್ಕೆ ತಿರುಗಿಸಿ ಬಿಟ್ಟುಬಿಡಬೇಡಿ. ಎಡಕ್ಕೆ ಹಿಡಿದು ಎರಡು ಮೂರು ಸೆಕೆಂಡು ಓಡಿಸಿ, ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ಓಡಿಸಿ. ಒಂದೇ ಸಮನೆ ತಿರುಗಿಸಿದರೆ ಜಾರ್ ಬಿಸಿಯಾಗುತ್ತದೆ. ಮುಚ್ಚಳ ತೆಗೆದಾಗ ಅಡುಗೆಮನೆ ತುಂಬಾ ಘಮ್ ಅನ್ನುತ್ತಲ್ವಾ, ಅಷ್ಟೂ ನಿಮ್ಮ ಕಷಾಯಕ್ಕೆ ಬರಬೇಕಿದ್ದದ್ದು.

ಒಣಶುಂಠಿ, ಜೇಷ್ಠಮಧು ಇಡಿಯಾಗಿ ಹಾಕಬೇಡಿ. ಬ್ಲೇಡೂ ಹಾಳು, ನಾರು ಉಂಡೆ ಕಟ್ಟುತ್ತದೆ. ಕುಟ್ಟಾಣಿಯಲ್ಲಿ ಜಜ್ಜಿ ಚೂರು ಮಾಡಿಕೊಂಡು ಆಮೇಲೆ ಮಿಕ್ಸಿಗೆ. ಕಲ್ಲಿನದ್ದೋ ಕಬ್ಬಿಣದ್ದೋ, ಕೈಗೆ ಭಾರ ಅನ್ನಿಸುವ ಕುಟ್ಟಾಣಿಯನ್ನೇ ತಗೊಳ್ಳಿ. ನಿಜ ಹೇಳಬೇಕಂದರೆ ದಿನಕ್ಕೆ ಎರಡು ಲೋಟ ಕಷಾಯ ಮಾಡುವವರಿಗೆ ಅದೊಂದೇ ಸಾಕು.

ಬೇರೆ ಯಂತ್ರ ಬೇಕೇ ಬೇಕು ಅಂದರೆ ಬ್ಲೇಡ್ ಇರುವ ಚಿಕ್ಕ ಗ್ರೈಂಡರ್ ಸಾಕು, ಆದರೆ ಸ್ಟೀಲ್ ಬಟ್ಟಲು ಬಿಚ್ಚಿ ತೊಳೆಯುವಂತಿರಬೇಕು. ಬಟ್ಟಲು ಮೋಟಾರಿಗೇ ಅಂಟಿಕೊಂಡಿರುವ ಮಾಡೆಲ್‌ಗಳನ್ನು ನಲ್ಲಿ ಕೆಳಗೆ ಹಿಡಿಯುವ ಹಾಗಿಲ್ಲ. ಪ್ಲಾಸ್ಟಿಕ್ ಮುಚ್ಚಳ ಒಂದು ಸಲ ಅರಿಶಿನ ಕಂಡರೆ ಮುಗೀತು, ಹಳದಿಯೇ. ವಾಸನೆ ಹೋಗಲು ಒಂದು ಹಿಡಿ ಅಕ್ಕಿ ಹಾಕಿ ತಿರುಗಿಸಿ ಚೆಲ್ಲಿ.

ಏರಿಯಾದ ಹಿಟ್ಟಿನ ಗಿರಣಿಗೆ ಕೊಡುವ ಯೋಚನೆ ಇದ್ದರೆ ಬಿಡಿ. ನಿಮಗಿಂತ ಮುಂಚೆ ಯಾರೋ ಮೆಣಸಿನಕಾಯಿ ಹಾಕಿಸಿರುತ್ತಾರೆ.

ಸಾಮಾನು ಬೆಂಗಳೂರಿನ ಗಾಂಧಿ ಬಜಾರ್, ಮಲ್ಲೇಶ್ವರದ ಕಡೆ ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಗಳಲ್ಲಿ ಇಡಿಯಾಗಿಯೇ ಸಿಗುತ್ತದೆ. ಪುಡಿ ಮಾಡಿಟ್ಟದ್ದು ತರಬೇಡಿ. ನಮ್ಮೂರ ಮಳೆಗಾಲದಲ್ಲಿ ಎಲ್ಲವೂ ಮೆತ್ತಗಾಗುತ್ತದೆ. ತುಳಸಿ ಬೆರಳಲ್ಲಿ ಹಿಸುಕಿದರೆ ಪುಡಿಪುಡಿ ಆಗಬೇಕು. ಬಾಗಿದರೆ ಇನ್ನೂ ಒಣಗಿಲ್ಲ ಅಂತ ಅರ್ಥ, ನೆರಳಲ್ಲಿ ಇನ್ನಷ್ಟು ಹರಡಿ. ಕಾಳುಗಳನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಜಾರ್‌ಗೆ ಹಾಕಿ.

ಅಂದ ಹಾಗೆ, ಮನೆಯಲ್ಲಿ ಬಿಪಿ ಇರುವವರಿದ್ದರೆ ಅವರ ಪಾಲಿಗೆ ಜೇಷ್ಠಮಧು ಹಾಕಬೇಡಿ. ಅದು ಬಿಪಿ ಏರಿಸುತ್ತದೆ.