ಎಂಜಿನ್ ಕೂರಿಸುವ ಮುಂಚೆ ಚೇಂಬರ್ ನೋಡಿ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಅಪ್ಪನ ಕಾಲದ 1971ರ ಫಿಯಟ್ 1100 ಡಿಲೈಟ್ ಇದೆ. ಹಳೇ ಮೈಸೂರು ರಾಜ್ಯದ ಎಂವೈ ನಂಬರಿನ ಗಾಡಿ. ಎಂಜಿನ್ ಸೀಜ್ ಆಗಿದೆ, ಬ್ಲಾಕ್ ಬಿರುಕು ಬಿಟ್ಟಿದೆ. ಮಾರುತಿ ಎಸ್ಟೀಮ್‌ನ 1.3 ಎಂಜಿನ್ ಕಮ್ಮಿ ರೇಟಿಗೆ ಸಿಗ್ತಾ ಇದೆ. ಗ್ಯಾರೇಜಿನಲ್ಲಿ ಕೇಳಿದರೆ, "ಆಯಿಲ್ ಚೇಂಬರ್ ಕ್ರಾಸ್ ಮೆಂಬರ್‌ಗೆ ತಾಗುತ್ತೆ. ತಾಗೋ ಭಾಗ ಕತ್ತರಿಸಿ ತಗಡು ವೆಲ್ಡ್ ಮಾಡಿದ್ರೆ ಆಯ್ತು" ಅಂದರು. ಹೀಗೆ ಮಾಡಿಸಬಹುದಾ?
— ಓದುಗರು, ಮಂಡ್ಯ

ಉತ್ತರ: ಈಗಲೇ ಕತ್ತರಿಸಲು ಬಿಡಬೇಡಿ. ಚೇಂಬರ್ ಅಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ, ಕ್ರಾಸ್ ಮೆಂಬರ್ ಅಂದರೆ ಅದರ ಕೆಳಗೆ ಗಾಡಿಗೆ ಅಡ್ಡಡ್ಡ ಇರುವ ಕಬ್ಬಿಣದ ತೊಲೆ. ಕತ್ತರಿಸದೆ ಮುಗಿಯುವ ದಾರಿಯೂ ಇರಬಹುದು.

ಮೊದಲು ಒಂದು ವಿಷಯ. ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ, ಮುಂದಿನ ಚಕ್ರ ಎಳೆಯುವ ಗಾಡಿ ಅದು. ನಿಮ್ಮ ಫಿಯಟ್‌ನಲ್ಲಿ ಎಂಜಿನ್ ಉದ್ದುದ್ದ ಕೂರಬೇಕು. ಅಂದರೆ ಎಂಜಿನ್ ಕಾಲು ಸುತ್ತು ತಿರುಗುತ್ತದೆ, ಅದರ ಜೊತೆ ಚೇಂಬರ್ ಕೂಡ ತಿರುಗುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ಬಿಂದಿಗೆಯ ನೀರು ಮುಂದಕ್ಕೆ ನುಗ್ಗುವ ಹಾಗೆ ಚೇಂಬರಿನಲ್ಲಿ ಆಯಿಲ್ ನುಗ್ಗುತ್ತದೆ. ಅದನ್ನು ತಡೆಯಲು ಒಳಗೆ ಅಡ್ಡ ತಗಡುಗಳಿರುತ್ತವೆ. ಎಸ್ಟೀಮ್ ಚೇಂಬರ್ ಮಾಡಿದವರು ಅಡ್ಡ ಕೂತ ಎಂಜಿನ್ನಿಗೆ ಲೆಕ್ಕ ಹಾಕಿ ಮಾಡಿದ್ದಾರೆ. ಉದ್ದುದ್ದ ತಿರುಗಿಸಿದ ಮೇಲೆ ಬ್ರೇಕ್ ಹಿಡಿದರೆ ಆಯಿಲ್ ಬೇರೆಯೇ ಕಡೆಗೆ ಓಡುತ್ತದೆ, ಆಯಿಲ್ ಹೀರುವ ಪಂಪಿನ ಬಾಯಿಯ ಜಾಲರಿ ಗಾಳಿ ಎಳೆಯುತ್ತದೆ. ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟ್) ಬೇರಿಂಗಿಗೆ ಆಯಿಲ್ ಹೋಗುವುದು ನಿಂತರೆ ಅದು ಹಾಳಾಗಲು ಜಾಸ್ತಿ ಹೊತ್ತು ಬೇಕಿಲ್ಲ.

ಇದಕ್ಕೆ ದಾರಿ ಜಿಪ್ಸಿಯಲ್ಲಿದೆ. 1996ರಲ್ಲಿ ಬಂದ ಜಿಪ್ಸಿ ಕಿಂಗ್‌ನ ಎಂಜಿನ್ನೂ ಎಸ್ಟೀಮ್‌ನ ಎಂಜಿನ್ನೂ ಒಂದೇ ಜಿ13 ವಂಶದವು, ಆದರೆ ಜಿಪ್ಸಿಯಲ್ಲಿ ಅದು ಉದ್ದುದ್ದ ಕೂತಿರುತ್ತದೆ. ಎಸ್ಟೀಮ್ ಗೇರ್‌ಬಾಕ್ಸ್ ನಿಮಗೆ ಹೇಗೂ ಬರುವುದಿಲ್ಲ, ಹಿಂದಿನ ಚಕ್ರಕ್ಕೆ ಶಾಫ್ಟ್ ಕೊಡಲು ಜಿಪ್ಸಿ ಗೇರ್‌ಬಾಕ್ಸ್ ಹುಡುಕಲೇಬೇಕು. ಅದನ್ನು ತರುವಾಗಲೇ ಚೇಂಬರ್, ಜಾಲರಿ ಪೈಪ್, ಡಿಪ್ ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮತ್ತು ಅದರ ಕೊಳವೆ, ಎಲ್ಲಾ ಸೆಟ್ ಆಗಿ ತನ್ನಿ. ಚೇಂಬರ್ ಒಂದನ್ನೇ ತಂದು ಎಸ್ಟೀಮ್ ಜಾಲರಿ ಇಟ್ಟರೆ ಎತ್ತರ ಕೂಡುವುದಿಲ್ಲ. ದುಡ್ಡು ಕೊಡುವ ಮುಂಚೆ ಎಸ್ಟೀಮ್ ಎಂಜಿನ್ನಿನ ಚೇಂಬರ್ ಪ್ಯಾಕಿಂಗ್ (ಸಂದಿನಲ್ಲಿ ಸೋರದಂತೆ ಇಡುವ ಹಾಳೆ) ಅದರ ಮೇಲಿಟ್ಟು ಬೋಲ್ಟ್ ತೂತುಗಳು ಕೂಡುತ್ತವಾ ನೋಡಿ.

ಜಿಪ್ಸಿ ಚೇಂಬರ್ ಫಿಯಟ್‌ನ ಕ್ರಾಸ್ ಮೆಂಬರ್‌ಗೆ ತಾಗದೇ ಇರುತ್ತಾ ಅನ್ನುವುದು ಎಂಜಿನ್ ಎಷ್ಟು ಹಿಂದೆ, ಎಷ್ಟು ಮೇಲೆ ಕೂರುತ್ತದೆ ಅನ್ನುವುದರ ಮೇಲಿದೆ. ಇಲ್ಲೇ ಬಹಳ ಗ್ಯಾರೇಜ್‌ಗಳಲ್ಲಿ ಕೆಲಸ ಉಲ್ಟಾ ನಡೆಯುತ್ತದೆ. ಬಾನೆಟ್ ಮುಚ್ಚಿತಾ, ಫ್ಯಾನ್ ರೇಡಿಯೇಟರ್‌ಗೆ ಬಡಿಯಲ್ವಾ ಅಂತ ನೋಡಿ ಫೌಂಡೇಶನ್ (ಎಂಜಿನ್ ಕೂರುವ ಬ್ರಾಕೆಟ್) ವೆಲ್ಡ್ ಮಾಡಿಬಿಡುತ್ತಾರೆ. ಆಮೇಲೆ ಕೆಳಗೆ ಮಲಗಿ ನೋಡಿದರೆ ಚೇಂಬರ್ ಕ್ರಾಸ್ ಮೆಂಬರ್ ಮೇಲೆ ಕೂತಿರುತ್ತದೆ. ಆಗ ಪಾಪ ಚೇಂಬರಿಗೆ ಕತ್ತರಿ. ನೀವು ಖಾಲಿ ಬ್ಲಾಕಿಗೆ ಗೇರ್‌ಬಾಕ್ಸ್ ಮತ್ತು ಚೇಂಬರ್ ಬಿಗಿಸಿ, ಚೈನ್ ಬ್ಲಾಕಿನಲ್ಲಿ ಇಳಿಸಿ, ಮರದ ತುಂಡು ಕೊಟ್ಟು ನಿಲ್ಲಿಸಲು ಹೇಳಿ. ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಅಡ್ಡ ರಾಡ್‌ಗಳು ಚೇಂಬರಿಗೆ ಎಲ್ಲಿ ಹತ್ತಿರ ಬರುತ್ತವೆ ನೋಡಿ. ಓಡುವಾಗ ಎಂಜಿನ್ ರಬ್ಬರ್ ಮೇಲೆ ಅಲ್ಲಾಡುತ್ತದೆ, ಹಾಗಾಗಿ ಸುತ್ತಲೂ ಕನಿಷ್ಠ ಅರ್ಧ ಇಂಚು ಬಿಡಬೇಕು. ಡ್ರೈನ್ ನಟ್ಟಿಗೆ ಸ್ಪ್ಯಾನರ್ ಹೋಗುತ್ತಾ, ಸೈಲೆನ್ಸರ್ ಪೈಪ್ ಚೇಂಬರಿಗೆ ಒತ್ತಿಕೊಂಡಿಲ್ವಾ ಅನ್ನುವುದನ್ನೂ ನೋಡಿಕೊಳ್ಳಿ. ಇದೆಲ್ಲಾ ಸರಿಬಂದ ಮೇಲೆ ಫೌಂಡೇಶನ್.

ಚೇಂಬರಿನ ತಳ ಕ್ರಾಸ್ ಮೆಂಬರ್‌ಗಿಂತ ಕೆಳಗೆ ಇಳಿಯಬಾರದು. ನಿಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಗುಂಡಿಬಿದ್ದ ರಸ್ತೆ, ಊರೂರಿಗೆ ಹಂಪ್. ಏಟು ಬಿದ್ದರೆ ಕಬ್ಬಿಣದ ಕ್ರಾಸ್ ಮೆಂಬರ್‌ಗೆ ಬೀಳಲಿ.

ಇಷ್ಟಾದ ಮೇಲೂ ಕತ್ತರಿಸಲೇಬೇಕು ಅಂತಾದರೆ ಲೆಕ್ಕ ಹಾಕಿ ಕತ್ತರಿಸಿ. 20 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ತಳವನ್ನು 3 ಸೆಂ.ಮೀ. ಮೇಲೆತ್ತಿದರೆ 900 ಮಿ.ಲೀ. ಆಯಿಲ್ ಹಿಡಿಯುವ ಜಾಗ ಹೋಯಿತು. ಇಷ್ಟು ಚಿಕ್ಕ ಎಂಜಿನ್ನಿಗೆ ಅದು ಸಣ್ಣ ಪ್ರಮಾಣ ಅಲ್ಲ. ಆ ಜಾಗವನ್ನು ಪಕ್ಕಕ್ಕೆ ಅಗಲ ಮಾಡಿ ವಾಪಸ್ ಕೊಡಬೇಕು. ಅಡ್ಡ ತಗಡುಗಳನ್ನು ಮತ್ತೆ ಹಾಕಬೇಕು. ಚೇಂಬರನ್ನು ಹಳೇ ಬ್ಲಾಕಿಗೋ ದಪ್ಪ ಪ್ಲೇಟಿಗೋ ಬೋಲ್ಟ್ ಮಾಡಿ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಬಿಸಿಗೆ ಅಂಚು ಸೊಟ್ಟಗಾಗಿ ಜೀವನಪೂರ್ತಿ ಆಯಿಲ್ ಸೋರುತ್ತದೆ. ಮುಗಿದ ಮೇಲೆ ವೆಲ್ಡಿಂಗ್ ಗೆರೆಯ ಹೊರಗಡೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಕಣ್ಣಿಗೆ ಕಾಣದ ತೂತಿದ್ದರೂ ಬೆಳಿಗ್ಗೆ ಸುಣ್ಣದ ಮೇಲೆ ಒದ್ದೆ ಕಲೆ ಕಾಣುತ್ತದೆ.

ಜಾಲರಿಗೂ ತಳಕ್ಕೂ ನಡುವೆ 6ರಿಂದ 10 ಮಿ.ಮೀ. ಸಂದು ಇರಬೇಕು. ಕಮ್ಮಿಯಾದರೆ ಪಂಪಿಗೆ ಆಯಿಲ್ ಎಳೆಯಲು ಕಷ್ಟ, ಜಾಸ್ತಿಯಾದರೆ ತಿರುವಿನಲ್ಲಿ ಗಾಳಿ ಹೊಗುತ್ತದೆ. ಇದನ್ನು ಅಳೆಯುವುದು ಸುಲಭ. ಚಪಾತಿ ಹಿಟ್ಟಿನ ಒಂದು ಸಣ್ಣ ಉಂಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಜಾಲರಿಗೆ ಅಂಟಿಸಿ. ಪ್ಯಾಕಿಂಗ್ ಸಮೇತ ಚೇಂಬರ್ ಇಟ್ಟು ನಾಲ್ಕು ಮೂಲೆಯ ಬೋಲ್ಟ್ ಬಿಗಿಸಿ, ಮತ್ತೆ ಬಿಚ್ಚಿ. ಹಿಟ್ಟು ಎಷ್ಟು ದಪ್ಪಕ್ಕೆ ಒತ್ತಿಕೊಂಡಿದೆಯೋ ಅಷ್ಟೇ ಸಂದು. ಜಾಲರಿಯಲ್ಲಿ ಒಂದು ಚೂರು ಹಿಟ್ಟೂ ಉಳಿಯದಂತೆ ತೊಳೆಯಿರಿ.

ಚೇಂಬರ್ ಬದಲಾದರೆ ಡಿಪ್ ಸ್ಟಿಕ್ ಗುರುತೂ ಸುಳ್ಳಾಗುತ್ತದೆ. ಎಂಜಿನ್ ತನ್ನ ಜಾಗದಲ್ಲಿ, ತನ್ನ ಓರೆಯಲ್ಲಿ ಕೂತ ಮೇಲೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಅಳತೆ ಮಾಡಿದ ಆಯಿಲ್ ಹಾಕಿ, ಫಿಲ್ಟರ್ ತುಂಬಲು ಒಮ್ಮೆ ಸ್ಟಾರ್ಟ್ ಮಾಡಿ ಆಫ್ ಮಾಡಿ, ಆಯಿಲ್ ಇಳಿದ ಮೇಲೆ ಹೊಸ ಗುರುತು ಕೊರೆಸಿ. ಆ ಗುರುತಿನಲ್ಲಿ ಕ್ರ್ಯಾಂಕ್ ಆಯಿಲ್‌ಗೆ ಬಡಿಯಬಾರದು. ಬಡಿದರೆ ನೊರೆಯಾಗುತ್ತದೆ.

ಕೊನೆಗೆ ಕಾಗದದ ಮಾತು, ನಿಜವಾಗಿ ಮೊದಲು ಮಾಡಬೇಕಾದ್ದೇ ಇದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಬೇರೆ ಥರದ ಎಂಜಿನ್ ಹಾಕಲು ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಒಪ್ಪಿಗೆ ಸಿಗುತ್ತಾ ಕೇಳಿಕೊಂಡೇ ಎಂಜಿನ್ ಕೊಳ್ಳಿ. ಇನ್ನೊಂದು, 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ. ನಿಮ್ಮದಕ್ಕೆ ವಯಸ್ಸಾಗಿದೆ. ಆದರೆ ಷಾಸಿ, ಬಾಡಿ, ಎಂಜಿನ್ ಮೂಲದ್ದೇ ಇರಬೇಕು. ಎಸ್ಟೀಮ್ ಎಂಜಿನ್ ಹಾಕಿದರೆ ಆ ದಾರಿ ಮುಚ್ಚಿತು. ನನ್ನನ್ನು ಕೇಳಿದರೆ, ಒಳ್ಳೆಯ ಫಿಯಟ್ 1089 ಸಿಸಿ ಎಂಜಿನ್ ಸಿಗುತ್ತಾ ಅಂತ ಇನ್ನೊಂದಷ್ಟು ದಿನ ಹುಡುಕಿ. ಸಿಕ್ಕರೆ ಚೇಂಬರಿನ ತಲೆನೋವೇ ಇಲ್ಲ. ಏನೇ ಮಾಡಿದರೂ ಅಪ್ಪನ ಗಾಡಿಯ ಹಳೇ ಬ್ಲಾಕನ್ನು ಗುಜರಿಗೆ ಹಾಕಬೇಡಿ. ಅದರ ಮೇಲೆ ನಂಬರ್ ಇದೆ, ಬಿರುಕನ್ನು ಹೊಲಿಯುವವರೂ ಇದ್ದಾರೆ.

ಪ್ರಶ್ನೆ: ನನ್ನದು ಡೀಸೆಲ್ ಅಂಬಾಸಿಡರ್ ಆಗಿತ್ತು. ಹಿಂದಿನ ಓನರ್ ಕಾಂಟೆಸ್ಸಾದ ಇಸುಝು 1.8 ಪೆಟ್ರೋಲ್ ಎಂಜಿನ್ ಹಾಕಿಸಿ, ಚೇಂಬರ್ ಗಿಡ್ಡ ಮಾಡಿಸಿದ್ದಾರೆ. ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದರೆ ಆಯಿಲ್ ಲೈಟ್ ಮಿಣುಕುತ್ತದೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಸರಿಹೋಗುವವರೆಗೆ ಬೆಟ್ಟಕ್ಕೆ ಹೋಗಬೇಡಿ. ಆ ಲೈಟ್ ಸಾಮಾನ್ಯವಾಗಿ ಪ್ರೆಷರ್ 5–7 ಪಿಎಸ್‌ಐಗೆ ಇಳಿದ ಮೇಲೆ ಹತ್ತುತ್ತದೆ, ಅಷ್ಟರಲ್ಲಿ ತಡವಾಗಿರುತ್ತದೆ. ಮುಳ್ಳಿರುವ ಮೆಕ್ಯಾನಿಕಲ್ ಗೇಜ್ ಹಾಕಿಸಿ. ಮುಳ್ಳು ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಮಾತ್ರ ಬಿದ್ದರೆ ಆಯಿಲ್ ಜಾಲರಿ ಬಿಟ್ಟು ಓಡುತ್ತಿದೆ ಅಂತ ಅರ್ಥ. ಸಮ ರಸ್ತೆಯಲ್ಲೂ ನಡುಗುತ್ತಿದ್ದರೆ ಜಾಲರಿ ಪೈಪಿನ ಜಾಯಿಂಟ್ ಗಾಳಿ ಎಳೆಯುತ್ತಿರಬಹುದು. ನ್ಯೂಟ್ರಲ್‌ನಲ್ಲಿ ಇಳಿಯುತ್ತೀರಾ? ಹಾಗಾದರೆ ಬಿಸಿ ಎಂಜಿನ್ನಿನ ಐಡಲ್ ಪ್ರೆಷರೇ ಕಮ್ಮಿ ಇರಬಹುದು. ಹೇಗೂ ಇಳಿಜಾರಿನಲ್ಲಿ ಗೇರಿನಲ್ಲೇ ಇರಬೇಕು. ಆಯಿಲ್ ಜಾಸ್ತಿ ಸುರಿದು ಲೈಟ್ ಆರಿಸಲು ಹೋಗಬೇಡಿ. ಇದೇ ಇಸುಝು ಎಂಜಿನ್ ಹಾಕಿ ಕಂಪನಿಯೇ ಅಂಬಾಸಿಡರ್ 1800 ಐಎಸ್‌ಝಡ್ ಮಾಡಿತ್ತು. ಅದರ ಚೇಂಬರ್, ಜಾಲರಿ ಪೈಪ್ ಸೆಟ್ ಹುಡುಕಿ ಹಾಕಿಸಿ.

ಪ್ರಶ್ನೆ: ಚೇಂಬರಿಗೆ ಪ್ಯಾಕಿಂಗ್ ಬದಲು ಬರೀ ಸಿಲಿಕಾನ್ ಹಚ್ಚಬಹುದಾ?
— ಓದುಗರು, ಮದ್ದೂರು

ಉತ್ತರ: ಕಂಪನಿ ಹಾಗೆ ಕೊಟ್ಟಿರುವ ಎಂಜಿನ್ನಿಗೆ ಹಚ್ಚಿ, ತೆಳುವಾಗಿ, 3 ಮಿ.ಮೀ. ಗೆರೆಯಷ್ಟು. ಕಾರ್ಕ್ ಪ್ಯಾಕಿಂಗ್ ಇರುವ ಹಳೇ ಗಾಡಿಗೆ ಕಾರ್ಕೇ ಇರಲಿ. ಒಳಕ್ಕೆ ಉಬ್ಬಿದ ಸಿಲಿಕಾನ್ ಕಿತ್ತು ಜಾಲರಿಗೆ ಅಂಟಿಕೊಂಡರೆ ಪಂಪಿನ ಬಾಯಿ ಕಟ್ಟಿದ ಹಾಗೆಯೇ.