ಅಡಿಕೆ ಸಿಪ್ಪೆಯ ಗಿಟಾರ್: ಮೊದಲು ಅಂಟಿನ ಮಾತು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರದ ಸಾರ ಇಷ್ಟು: "ಇಂಜಿನಿಯರಿಂಗ್ ಓದುತ್ತಿರುವ ಮಗಳು ಅಡಿಕೆ ಸಿಪ್ಪೆಯ ನಾರಿನಿಂದ ಗಿಟಾರ್ ಮಾಡಲು ಹೊರಟಿದ್ದಾಳೆ. ಹಳತಾದ ಮೇಲೆ ಮಣ್ಣಿಗೆ ಹಾಕಿದರೆ ಗೊಬ್ಬರವಾಗುತ್ತದಂತೆ. ಬೀಟೆ, ಹಲಸು ಬೆಳೆಯುವ ಊರಲ್ಲಿ ಇದೆಲ್ಲ ಯಾಕೆ? ನಾದವಾದರೂ ಬರುತ್ತಾ?"

ಮಗಳನ್ನು ದಯವಿಟ್ಟು ತಡೆಯಬೇಡಿ. ಕೊಯ್ಲಿನ ಕಾಲದಲ್ಲಿ ರಸ್ತೆಬದಿಯ ಸಿಪ್ಪೆ ರಾಶಿ, ಅದಕ್ಕೆ ಬೆಂಕಿ ಹಾಕಿದಾಗ ಏಳುವ ಹೊಗೆ ನಿಮಗೂ ಗೊತ್ತು. ಅದರಲ್ಲಿ ವಾದ್ಯ ಮಾಡ್ತೀನಿ ಅನ್ನುವವರು ನಮ್ಮಲ್ಲೇ ಇದ್ದಾರೆ ಅಂದರೆ ನನಗಂತೂ ಖುಷಿ.

ಬೀಟೆಯ ಮಾತು ಬೇರೆ. ಲೋಕದ ಎಷ್ಟೋ ಗಿಟಾರ್‌ಗಳ ಹಿಂಬದಿ, ಪಕ್ಕಗಳು ಇದೇ ಮರದವು. 2017ರಲ್ಲಿ ಬೀಟೆಯ ಇಡೀ ಕುಲವೇ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಬಂತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ದಿಮ್ಮಿಗೆ ಸಿಗಲಿಲ್ಲ. ಮರ ಬಲಿಯಲು ತಲೆಮಾರುಗಳೇ ಬೇಕು. ಬೇರೆ ದಾರಿ ಹುಡುಕಲೇಬೇಕಲ್ವಾ?

ಆದರೆ ಮಗಳಿಗೆ ಒಂದು ಮಾತು ಹೇಳಿ. ನಾರಿಗಿಂತ ಅದನ್ನು ಹಲಗೆಯಾಗಿ ಹಿಡಿದಿಡುವ ಅಂಟು ಕಷ್ಟದ್ದು. ನಾರು ಮಣ್ಣಲ್ಲಿ ಕೊಳೆಯುತ್ತದೆ. ಅದನ್ನು ಎಪಾಕ್ಸಿ ಎಂಬ ರಾಸಾಯನಿಕ ಅಂಟಿನಲ್ಲಿ ಅದ್ದಿದರೆ ಮುಗಿಯಿತು, ಅದು ಪ್ಲಾಸ್ಟಿಕ್ಕೇ. ಮೆಕ್ಕೆಜೋಳದ ಪಿಷ್ಟದಿಂದ ಬರುವ ಪಿಎಲ್ಎ ಎಂಬ ಪ್ಲಾಸ್ಟಿಕ್ ಕೂಡ ನಮ್ಮ ಗೊಬ್ಬರದ ಗುಂಡಿಯಲ್ಲಿ ಸುಲಭವಾಗಿ ಕರಗದು. ಅದಕ್ಕೆ 60 ಡಿಗ್ರಿ ಆಸುಪಾಸಿನ ಬಿಸಿಯಿರುವ ದೊಡ್ಡ ಘಟಕ ಬೇಕು. ಅದೇ ಬಿಸಿಗೆ ಅದು ಮೆತ್ತಗೂ ಆಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಆ ಗಿಟಾರ್ ಇಡುವ ಹಾಗಿಲ್ಲ. ಅರಗು ನಿಜವಾಗಿಯೂ ಮಣ್ಣು ಸೇರುವ ವಸ್ತು, ಗಿಟಾರ್ ಪಾಲಿಶ್‌ಗೆ ಮೊದಲಿನಿಂದಲೂ ಬಳಕೆಯಲ್ಲಿದೆ. ಅದಕ್ಕೂ ಬಿಸಿ ಆಗದು, ತೇವ ತಾಗಿದರೆ ಬೆಳ್ಳಗಾಗುತ್ತದೆ. ಆಗುಂಬೆಯ ಮಳೆ ಪಕ್ಕದಲ್ಲೇ ಇರುವವರಿಗೆ ಇದು ಸಣ್ಣ ತೊಂದರೆಯಲ್ಲ. ಅಮೆರಿಕದ ಬ್ಲ್ಯಾಕ್‌ಬರ್ಡ್ ಕಂಪನಿ ಅಗಸೆ ನಾರಿಗೆ ಸಸ್ಯಮೂಲದ ರಾಳ ಬೆರೆಸಿ ಒಳ್ಳೆಯ ಗಿಟಾರ್, ಯುಕುಲೇಲಿ ಮಾಡಿದೆ. ಆದರೆ ಗಿಡದಿಂದ ಬಂದದ್ದೆಲ್ಲ ಮಣ್ಣಿಗೆ ಮರಳುತ್ತದೆ ಅಂತಲ್ಲ. ಕಾಲೇಜಿನ ವರದಿಯಲ್ಲಿ ಈ ಎರಡನ್ನೂ ಒಂದೇ ಮಾಡಬಾರದು.

ಇನ್ನು ನಾದ. ಗಿಟಾರ್‌ನ ಮುಂಬದಿ ಹಲಗೆ ಹಗುರವೂ ಇರಬೇಕು, ಬಿಗಿಯೂ ಇರಬೇಕು. ಅದಕ್ಕೆ ಬಳಸುವ ಸ್ಪ್ರೂಸ್ ಮರ ನೀರಿನ ಅರ್ಧದಷ್ಟೂ ಭಾರವಿಲ್ಲ. ನಾರು ಮತ್ತು ರಾಳ ಒತ್ತಿ ಮಾಡಿದ ಹಲಗೆ ಸಾಮಾನ್ಯವಾಗಿ ನೀರಿಗಿಂತ ಭಾರ. ಮೇಲಾಗಿ ಅಡಿಕೆ ನಾರು ಗಿಡ್ಡ, ಮರದ ಎಳೆಯ ಹಾಗೆ ಒಂದೇ ದಿಕ್ಕಿಗೆ ಉದ್ದಕ್ಕೆ ಓಡುವುದಿಲ್ಲ. ಇಂಥ ಹಲಗೆ ಕಂಪನವನ್ನು ಬೇಗ ನುಂಗಿಬಿಡುತ್ತದೆ.

ಮನೆಯಲ್ಲೇ ನೋಡಬಹುದು. ನಾರಿನ ಹಲಗೆಯಿಂದ ಒಂದಡಿ ಉದ್ದದ ಪಟ್ಟಿ ಕತ್ತರಿಸಿ. ತುದಿಯಿಂದ ಎರಡೂಮುಕ್ಕಾಲು ಇಂಚಿನಷ್ಟು ಒಳಗೆ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು ತೂಗುಬಿಡಿ. ನಡುವೆ ಗೆಣ್ಣಿನಿಂದ ತಟ್ಟಿ. ಬೆರಳು ಹಿಡಿದ ಜಾಗದಲ್ಲಿ ಪಟ್ಟಿ ಅಲುಗುವುದಿಲ್ಲ, ಹಾಗಾಗಿ ಬೆರಳು ದನಿಯನ್ನು ಕೊಲ್ಲುವುದಿಲ್ಲ. ಒಣಗಿದ ಹಲಸಿನ ಪಟ್ಟಿಗೂ ಹೀಗೇ ಮಾಡಿ. ಎರಡರ ದನಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿದರೆ ಸಾಕು, ಮಗಳಿಗೆ ಎಲ್ಲ ತಿಳಿಯುತ್ತದೆ.

ಅದಕ್ಕೇ ನನ್ನ ಸಲಹೆ: ಗಿಟಾರ್‌ನ ಮುಂಬದಿ ಸದ್ಯಕ್ಕೆ ಮರದ್ದೇ ಇರಲಿ. ಹಿಂಬದಿ, ಪಕ್ಕಗಳನ್ನು ಮೊದಲು ನಾರಿನಲ್ಲಿ ಮಾಡಲಿ. ಅದಕ್ಕಿಂತ ಒಳ್ಳೆಯದು ಯಕ್ಷಗಾನದ ಚಂಡೆ, ಮದ್ದಳೆಯ ಒಡಲು. ಅಲ್ಲಿ ನುಡಿಯುವುದು ಮುಖ್ಯವಾಗಿ ಚರ್ಮ. ಒಡಲು ಬಿಗಿತ ತಡೆದರೆ ಸಾಕು, ಭಾರವಿದ್ದರೂ ನಡೆಯುತ್ತದೆ. ಮಳೆಗಾಲ ಕಳೆದು ಮೇಳ ಹೊರಡುವ ಮುನ್ನ ಒಬ್ಬ ಮದ್ದಳೆಗಾರರ ಕೈಗೆ ಕೊಟ್ಟು ಬಾರಿಸಿ ನೋಡಲು ಹೇಳಲಿ.

ನಾರಿನ ಬಗ್ಗೆ ಇನ್ನೊಂದು ವಿಷಯ. ಕೆಂಪಡಿಕೆಗೆ ಹಸಿಯಲ್ಲೇ ಸುಲಿದ ಸಿಪ್ಪೆಯಲ್ಲಿ ನೀರು ಜಾಸ್ತಿ, ನಾರು ಎಳಸು. ಚಾಲಿ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿಯುವ ಅಡಿಕೆ, ಮಾಡುವವರ ಮನೆಯಿಂದ ಒಣ ಸಿಪ್ಪೆ ತರಿಸಿ. ನೆನೆಹಾಕಿ, ಬಡಿದು, ನಾರು ಬಿಡಿಸಿ, ಪೂರ್ತಿ ಒಣಗಿದ ಮೇಲೆಯೇ ಅಂಟು ಹಚ್ಚಬೇಕು. ಒಳಗೆ ತೇವ ಉಳಿದರೆ ಹಲಗೆ ಪದರ ಬಿಡುತ್ತದೆ. ಮೊದಲ ಒಡಲು ಆದಾಗ ಫೋಟೋದ ಜೊತೆ ಯಾವ ಅಂಟು ಹಾಕಿದಳು, ಎಷ್ಟು ಹಾಕಿದಳು ಅಂತಲೂ ಬರೆದು ಕಳಿಸಲಿ. ಪತ್ರಿಕೆಯಲ್ಲಿ ಖಂಡಿತ ಹಾಕುತ್ತೇವೆ.

— ಸಂಪಾದಕ