ಬ್ರೀದರ್ ಪೈಪಿನ ಎಣ್ಣೆಗೆ ಏನು ಮಾಡಬೇಕು?

ಪ್ರಶ್ನೆ: ನಮ್ಮ ಟರ್ಬೊ ಡೀಸೆಲ್ ಜೀಪು 1,20,000 ಕಿ.ಮೀ. ಓಡಿದೆ. ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿ ತಣಿಸುವ ಭಾಗ) ಹೋಸ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ. ಬ್ರೀದರ್ ಪೈಪಿಗೆ ಕ್ಯಾಚ್ ಕ್ಯಾನ್ (ಎಣ್ಣೆ ಹಿಡಿದಿಡುವ ಡಬ್ಬಿ) ಹಾಕಿಸಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಹಾಕಿಸಬಹುದು. ಆದರೆ ಮೊದಲು ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಳ್ಳಿ. ಎಂಜಿನ್ ಒಳಗಿನ ಎಣ್ಣೆಹಬೆಯನ್ನು ಹೊರಬಿಡುವ ಬ್ರೀದರ್ ಪೈಪು ಟರ್ಬೊಗೆ ಮುಂಚಿನ ಗಾಳಿಪೈಪಿಗೆ ಸೇರುತ್ತದೆ. ಆ ಜಾಗವೂ ಜಿಡ್ಡಾಗಿದ್ದರೆ ಎಣ್ಣೆ ಬ್ರೀದರ್‌ನದು. ಅಲ್ಲಿ ಒಣಗಿದ್ದು, ಟರ್ಬೊ ದಾಟಿದ ಮೇಲೆ ಮಾತ್ರ ಎಣ್ಣೆಯಿದ್ದರೆ ಟರ್ಬೊ ಸೀಲನ್ನೇ ನೋಡಿಸಬೇಕು. ಅದಕ್ಕೆ ಕ್ಯಾನ್ ಮದ್ದಲ್ಲ.

ಬಿಸಿ ಎಂಜಿನ್ ಐಡಲಿಂಗ್‌ನಲ್ಲಿರುವಾಗ ಆಯಿಲ್ ಕ್ಯಾಪ್ ತೆಗೆದು ನೋಡಿ. ಸ್ವಲ್ಪ ಹಬೆಯಾಡುವುದು ಸಹಜ. ಹೊಗೆ ರಭಸದಿಂದ ನುಗ್ಗಿ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿರಬಹುದು, ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ಆಯಿಲ್ ತುಂಬಿದ್ದರೂ ಬ್ರೀದರ್‌ಗೆ ಹೆಚ್ಚು ಎಣ್ಣೆ ಹೋಗುತ್ತದೆ.

ಕ್ಯಾನ್ ಕೊಳ್ಳುವಾಗ ಒಳಗೆ ಫಿಲ್ಟರ್ ಎಲಿಮೆಂಟ್ ಇರುವುದನ್ನೇ ಕೊಳ್ಳಿ. ಖಾಲಿ ಡಬ್ಬಿಯಲ್ಲಿ ದೊಡ್ಡ ಹನಿ ನಿಲ್ಲುತ್ತದೆ, ಮಂಜಿನಂಥ ಸಣ್ಣ ಹನಿ ದಾಟಿಹೋಗುತ್ತದೆ. ಇನ್‌ಟೇಕ್‌ನಲ್ಲಿ ಇಜಿಆರ್‌ನ (ಸುಟ್ಟ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್‌ಗೆ ಬಿಡುವ ವ್ಯವಸ್ಥೆ) ಮಸಿಯ ಜೊತೆ ಸೇರಿ ಡಾಂಬರಿನಂತೆ ಗಟ್ಟಿಯಾಗುವುದು ಆ ಸಣ್ಣ ಹನಿಯೇ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತುರುಕುವವರಿದ್ದಾರೆ. ದಯವಿಟ್ಟು ಬೇಡ! ಅದರ ಒಂದು ಎಳೆ ಕಿತ್ತು ಹೋದರೂ ಟರ್ಬೊ ರೆಕ್ಕೆಗೆ ಅಪಾಯ.

ಎಲಿಮೆಂಟ್ ಕಟ್ಟಿಕೊಂಡಾಗ ಒತ್ತಡ ಬಿಡುವ ವಾಲ್ವ್ ಕ್ಯಾನ್‌ನಲ್ಲಿ ಇರಲೇಬೇಕು. ಎಂಜಿನ್‌ಗೆ ಉಸಿರು ಕಟ್ಟಿದರೆ ಕ್ರ್ಯಾಂಕ್ ಆಯಿಲ್ ಸೀಲು ಸೋರುತ್ತದೆ, ಡಿಪ್‌ಸ್ಟಿಕ್ ಮೇಲೇಳುತ್ತದೆ, ಟರ್ಬೊದಿಂದ ಎಣ್ಣೆ ಕೆಳಗಿಳಿಯದೆ ಅದರ ಸೀಲೂ ಸೋರತೊಡಗುತ್ತದೆ. ಹೋಸಿನ ಒಳ ಅಳತೆ ಕಂಪನಿ ಬ್ರೀದರ್ ಪೈಪಿಗಿಂತ ಒಂದಿಷ್ಟೂ ಕಡಿಮೆ ಬೇಡ. ರೇಡಿಯೇಟರ್ ಹೋಸ್ ಹಾಕಿಸಬೇಡಿ, ಎಣ್ಣೆಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆ ತಡೆಯುವ ನೈಟ್ರೈಲ್ ಹೋಸ್ ಕೇಳಿ. ಹೋಸ್ ಎಲ್ಲೂ ಜೋತುಬಿದ್ದು ನೀರು ನಿಲ್ಲದಂತೆ ನೋಡಿಕೊಳ್ಳಿ. ಕ್ಯಾನ್‌ನಿಂದ ಹೊರಟ ಗಾಳಿ ಮತ್ತೆ ಟರ್ಬೊ ಮುಂಚಿನ ಪೈಪಿಗೇ ಸೇರಲಿ, ರಸ್ತೆಗೆ ಬಿಡಬಾರದು.

ಮೊದಲ 1,000 ಕಿ.ಮೀ.ಗೆ ಎಷ್ಟು ಸೇರಿದೆ ನೋಡಿ, ಅದರ ಮೇಲೆ ಖಾಲಿ ಮಾಡುವ ಅವಧಿ ನಿಗದಿಪಡಿಸಿಕೊಳ್ಳಿ. ತೆಗೆದ ಎಣ್ಣೆಯನ್ನು ಎಂಜಿನ್‌ಗೆ ವಾಪಸ್ ಹಾಕಬೇಡಿ, ಅದರಲ್ಲಿ ನೀರೂ ಮಸಿಯೂ ಇರುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ, ಗಾಡಿ ಹತ್ತಿರಕ್ಕೇ ಓಡಾಡುತ್ತಿದ್ದರೆ, ಕ್ಯಾನ್‌ನಲ್ಲಿ ಹಾಲು ಬೆರೆಸಿದ ಕಾಫಿಯಂಥ ನೊರೆ ಕಾಣುತ್ತದೆ. ಕೂಲೆಂಟ್ ಇಳಿಯದಿದ್ದರೆ, ಡಿಪ್‌ಸ್ಟಿಕ್‌ನ ಎಣ್ಣೆಯಲ್ಲಿ ಅಂಥ ನೊರೆ ಇಲ್ಲದಿದ್ದರೆ ಹೆದರಬೇಕಿಲ್ಲ.